ಬಟವಾಡೆಯ ಮರುದಿನ

ಯಾರಿಗೆ ಎಷ್ಟು ಕೊಟ್ಟೆವು ಎಂಬ ಲೆಕ್ಕ ನಮ್ಮೆಲ್ಲರ ಬಳಿಯೂ ಇರುತ್ತದೆ. ಯಾವಾಗ ಕೊಟ್ಟೆವು, ಎಷ್ಟು ಸಲಕ್ಕೊಮ್ಮೆ ಕೊಟ್ಟೆವು, ಬರುವ ದಿನ ಅವರಿಗೆ ಮೊದಲೇ ಗೊತ್ತಿತ್ತೆ, ಇಲ್ಲ ಬಾಗಿಲ ಕಡೆ ನೋಡುತ್ತ ಕೂತಿದ್ದರೆ ಎಂಬುದನ್ನು ಬರೆದಿಟ್ಟುಕೊಂಡವರು ಕಡಿಮೆ. ಕೂಲಿ, ಸಂಬಳ, ಮೆಚ್ಚುಗೆಯ ಒಂದು ಮಾತು, ದೂರದೂರಿನಿಂದ ಬರುವ ಫೋನು, ಇವು ಎಷ್ಟು ಬಂದವು ಎಂಬುದಕ್ಕಿಂತ ಯಾವ ಹೊತ್ತಿಗೆ ಬಂದವು ಎಂಬುದೇ ಮನುಷ್ಯನ ನಡೆಯನ್ನು ಹೆಚ್ಚು ತಿದ್ದುತ್ತದೆ ಎಂದು ನನಗೆ ಅನ್ನಿಸತೊಡಗಿ ಬಹಳ ಕಾಲವಾಯಿತು. ಈ ಬೆಳಗ್ಗೆ ಅದನ್ನೇ ಕೊಂಚ ಬಿಡಿಸಿ ನೋಡೋಣ ಎಂದು ಕೂತಿದ್ದೇನೆ.

ಈ ಸಂಗತಿಯನ್ನು ಪ್ರಯೋಗಶಾಲೆಯಲ್ಲಿ ಹಿಡಿದು ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್. ಅದು ಅವರ ಕೈಗೆ ಸಿಕ್ಕಿದ್ದು ದೊಡ್ಡ ಸಿದ್ಧಾಂತದಿಂದಲ್ಲ, ದಿನನಿತ್ಯದ ಒಂದು ತಾಪತ್ರಯದಿಂದ. 1930ರ ದಶಕದ ಮಾತು. ಪೆಟ್ಟಿಗೆಯೊಳಗೆ ಒಂದು ಇಲಿ; ಗೋಡೆಯಲ್ಲಿ ಒಂದು ಪುಟ್ಟ ಸನ್ನೆಕೋಲು; ಇಲಿ ಅದನ್ನು ಒತ್ತಿದರೆ ತಿನಿಸಿನ ಗುಳಿಗೆಯೊಂದು ಬೀಳುತ್ತದೆ. ಈ ಗುಳಿಗೆಗಳನ್ನು ಸ್ಕಿನ್ನರ್ ತಾವೇ ಮಾಡಿಕೊಳ್ಳಬೇಕಿತ್ತು. ಔಷಧಿ ಅಂಗಡಿಯವರು ಕೈಯಿಂದ ಮಾತ್ರೆ ಕಟ್ಟುತ್ತಿದ್ದ ಹಳೆಯ ಯಂತ್ರದಂಥದ್ದೇ ಒಂದನ್ನು ಇಟ್ಟುಕೊಂಡು ಹಿಟ್ಟು ಒತ್ತಿ, ಕತ್ತರಿಸಿ, ಉರುಟು ಮಾಡುತ್ತಿದ್ದರು. ಎಂಟು ಇಲಿಗಳು, ಒಂದೊಂದಕ್ಕೆ ದಿನಕ್ಕೆ ನೂರು ಗುಳಿಗೆ. ಒಂದು ಶನಿವಾರ ಮಧ್ಯಾಹ್ನ ಉಳಿದ ದಾಸ್ತಾನು ನೋಡಿದರೆ, ಅಂದು ಸಂಜೆಯೆಲ್ಲ ಯಂತ್ರದ ಮುಂದೆ ಕೂರದಿದ್ದರೆ ಸೋಮವಾರ ಬೆಳಗ್ಗೆಯೇ ಎಲ್ಲ ಖಾಲಿ. ಆಗ ಅವರಿಗೆ ಒಂದು ಪ್ರಶ್ನೆ ಎದ್ದಿತು. ಒತ್ತಿದಾಗಲೆಲ್ಲ ಗುಳಿಗೆ ಯಾಕೆ ಕೊಡಬೇಕು? ನಿಮಿಷಕ್ಕೊಂದು ಕೊಟ್ಟರೆ ಸಾಲದೆ?

ಕೊಟ್ಟು ನೋಡಿದರು. ಇಲಿಗಳು ಒತ್ತುವುದನ್ನು ಬಿಡಲಿಲ್ಲ. ಹೆಚ್ಚಿನ ಒತ್ತುಗಳಿಗೆ ಏನೂ ಸಿಗದಿದ್ದರೂ ಒಂದೇ ಹದದಲ್ಲಿ ಒತ್ತುತ್ತಲೇ ಹೋದವು. ಇನ್ನೂ ವಿಚಿತ್ರವಾದದ್ದು ಆಮೇಲೆ ಕಂಡಿತು. ಪ್ರತಿ ಸಲ ಗುಳಿಗೆ ಪಡೆದು ಬೆಳೆದ ಇಲಿ, ಗುಳಿಗೆ ಪೂರಾ ನಿಂತ ಮೇಲೆ ಬೇಗನೆ ಕೈಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಪಡೆದು ರೂಢಿಯಾದದ್ದು ಅಷ್ಟು ಬೇಗ ಕೈಬಿಡುವುದಿಲ್ಲ. ಬರುವುದೇ ಇಲ್ಲ ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಬಾರದೆ ಹೋದ ಹೊತ್ತುಗಳು ಅದಕ್ಕೆ ಮೊದಲಿನಿಂದಲೂ ಪರಿಚಿತ.

ಮುಂದೆ ಸ್ಕಿನ್ನರ್ ಮತ್ತು ಅವರ ಜೊತೆಗಾರ ಚಾರ್ಲ್ಸ್ ಫರ್ಸ್ಟರ್ ಪಾರಿವಾಳಗಳನ್ನಿಟ್ಟುಕೊಂಡು ವರ್ಷಗಟ್ಟಲೆ ಇದೇ ಕೆಲಸ ಮಾಡಿದರು. 1957ರಲ್ಲಿ ಬಂದ ಅವರ ದಪ್ಪ ಪುಸ್ತಕದ ತುಂಬ ಗೆರೆಗಳೇ. ಕಾಗದದ ಸುರುಳಿ ಒಂದೇ ವೇಗದಲ್ಲಿ ಸರಿಯುತ್ತಿರುತ್ತದೆ, ಹಕ್ಕಿ ಕುಕ್ಕಿದಾಗಲೆಲ್ಲ ಲೇಖನಿ ಒಂದು ಕೂದಲೆಳೆಯಷ್ಟು ಮೇಲೇರುತ್ತದೆ. ಹಕ್ಕಿ ಸುಮ್ಮನಿದ್ದರೆ ಗೆರೆ ಅಡ್ಡಕ್ಕೆ ಮಟ್ಟಸವಾಗಿ ಓಡುತ್ತದೆ. ಬಿಡದೆ ಕುಕ್ಕಿದರೆ ಕಡಿದಾಗಿ ಏರುತ್ತದೆ. ಇಂತಿಷ್ಟು ಹೊತ್ತಿಗೊಮ್ಮೆ ಕಾಳು ಎಂದು ಗೊತ್ತಾದ ಹಕ್ಕಿಯ ಗೆರೆ ನೋಡಬೇಕು. ಕಾಳು ತಿಂದ ಮೇಲೆ ಅದು ಸುಮ್ಮನಾಗುತ್ತದೆ. ಹೊತ್ತು ಹತ್ತಿರ ಬಂದಂತೆ ಮೆಲ್ಲಗೆ ಶುರುಮಾಡಿ ಕೊನೆಗೆ ಭರದಿಂದ ಕುಕ್ಕುತ್ತದೆ. ಪರೀಕ್ಷೆಗೆ ಓದುವ ನಮ್ಮ ಮಕ್ಕಳ ವರ್ಷವನ್ನು ಬರೆದರೂ ಇದೇ ಗೆರೆ ಬರುತ್ತದೆ. ಅಮೆರಿಕದ ಸಂಸತ್ತು ಅಧಿವೇಶನದ ಕೊನೆಯಲ್ಲಿ ಮಸೂದೆಗಳನ್ನು ರಾಶಿ ರಾಶಿ ಪಾಸು ಮಾಡುವ ರೀತಿಯೂ ಇದೇ ಆಕಾರದ್ದು ಎಂದು 1972ರಲ್ಲಿ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು. ಇಷ್ಟು ಸಲ ಕುಕ್ಕಿದರೆ ಒಂದು ಕಾಳು ಎಂಬ ಒಪ್ಪಂದದಲ್ಲೂ, ಒಂದು ಕಂತು ಮುಗಿದ ಮೇಲೆ ಹಕ್ಕಿ ತುಸು ನಿಂತೇ ಮುಂದಿನದಕ್ಕೆ ಹೊರಡುತ್ತದೆ.

ಎಷ್ಟು ಕುಕ್ಕಿದರೆ ಬರುತ್ತದೆ ಎಂದೇ ಗೊತ್ತಿಲ್ಲದಾಗ ಮಾತ್ರ ಆ ನಿಲುಗಡೆ ಹೆಚ್ಚುಕಡಿಮೆ ಕಾಣೆಯಾಗುತ್ತದೆ. ಒಮ್ಮೆ ಹತ್ತಕ್ಕೆ, ಒಮ್ಮೆ ಇನ್ನೂರಕ್ಕೆ, ಮತ್ತೊಮ್ಮೆ ಮೂರಕ್ಕೇ. ಆಗ ಹಕ್ಕಿ ವಿರಮಿಸುವುದಿಲ್ಲ. ಮುಂದಿನ ಕುಕ್ಕಿನಲ್ಲೇ ಇರಬಹುದಲ್ಲ! ಗೆರೆ ನೆಟ್ಟಗೆ, ಕಡಿದಾಗಿ ಏರುತ್ತಲೇ ಹೋಗುತ್ತದೆ. ಜೂಜಿನ ಯಂತ್ರಗಳು ಇದೇ ಲೆಕ್ಕದ ಮೇಲೆ ನಡೆಯುತ್ತವೆ ಎಂದು ಸ್ಕಿನ್ನರ್ ಅವರೇ ಬರೆದರು.

ನಮ್ಮಲ್ಲಿ ಇದನ್ನು ತಿಳಿಯಲು ಯಾರೂ ಪುಸ್ತಕ ಓದಬೇಕಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಒಂದಂಕಿ ಲಾಟರಿ ಅಂಗಡಿಗಳು ಸಾಲುಸಾಲಾಗಿದ್ದ ಕಾಲವನ್ನು ಕಂಡವರು ಇನ್ನೂ ಬಹಳ ಜನ ಇದ್ದಾರೆ. ದಿನದಲ್ಲಿ ಹಲವು ಡ್ರಾ. ಫಲಿತಾಂಶ ಬರೆದ ಹಲಗೆಯ ಮುಂದೆ ಆಟೋದವರು, ಹಮಾಲಿ ಮಾಡುವವರು, ಗಾರೆ ಕೆಲಸದವರು ಕತ್ತು ಚಾಚಿ ನಿಂತಿರುತ್ತಿದ್ದರು. ಸೋತವನ ಮುಖದಲ್ಲಿ ನಿರಾಸೆಗಿಂತ ಹೆಚ್ಚಾಗಿ ಕಾಣುತ್ತಿದ್ದದ್ದು ಅವಸರ. ಏಳು ಬಂದಿದೆ, ತಾನು ಕಟ್ಟಿದ್ದು ಆರಕ್ಕೆ. ಅಂದರೆ ಗೆಲುವು ಒಂದೇ ಹೆಜ್ಜೆ ಆಚೆ ಇತ್ತು ಎಂದು ಅವನ ಮನಸ್ಸು ಲೆಕ್ಕ ಹಾಕುತ್ತಿತ್ತು. ಕನಸಿನಲ್ಲಿ ಹಾವು ಕಂಡರೆ ಯಾವ ನಂಬರು, ಎದುರಿಗೆ ಬಂದ ಲಾರಿಯ ಕೊನೆಯ ಅಂಕಿ ಯಾವುದು ಎಂಬ ಶಾಸ್ತ್ರವೇ ಬೆಳೆದಿತ್ತು. ಇದೂ ಪಾರಿವಾಳಗಳಲ್ಲಿ ಕಂಡ ಸಂಗತಿಯೇ. ಹಕ್ಕಿ ಏನು ಮಾಡಿದರೂ ಮಾಡದಿದ್ದರೂ ಗಡಿಯಾರದ ಪ್ರಕಾರ ಕಾಳು ಬೀಳುವಂತೆ ಸ್ಕಿನ್ನರ್ ಏರ್ಪಾಟು ಮಾಡಿದ್ದರು. ಕಾಳು ಬಿದ್ದ ಗಳಿಗೆಯಲ್ಲಿ ಒಂದು ಹಕ್ಕಿ ಸುತ್ತು ತಿರುಗುತ್ತಿತ್ತು, ಇನ್ನೊಂದು ತಲೆಯನ್ನು ಮೂಲೆಗೆ ಚಾಚುತ್ತಿತ್ತು. ಅಂದಿನಿಂದ ಒಂದಕ್ಕೆ ಸುತ್ತುವುದೇ ಪೂಜೆಯಾಯಿತು, ಇನ್ನೊಂದಕ್ಕೆ ತಲೆ ಚಾಚುವುದು. 1948ರ ಆ ಚಿಕ್ಕ ಲೇಖನದ ತಲೆಬರಹದಲ್ಲೇ ಅವರು ಮೂಢನಂಬಿಕೆ ಎಂಬ ಮಾತು ಬಳಸಿದರು.

ಒಂದಂಕಿ ಲಾಟರಿಯನ್ನು ಕೇಂದ್ರ ಸರ್ಕಾರದ ಕಾಯಿದೆ 1998ರಲ್ಲಿ ಅಕ್ರಮ ಎಂದಿತು. 2007ರಲ್ಲಿ ಕರ್ನಾಟಕ ಎಲ್ಲ ಬಗೆಯ ಲಾಟರಿ ಮಾರಾಟವನ್ನೂ ನಿಲ್ಲಿಸಿತು. ಆ ಅಂಗಡಿಗಳ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿಗಳು ಬಂದವು, ಆಮೇಲೆ ಆ ಮೊಬೈಲಿನೊಳಕ್ಕೇ ಆಟ ಬಂದು ಕೂತಿತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ನಿಷೇಧಿಸಬೇಕಾಯಿತು. ಹಣ ಕಟ್ಟದೆ ಆಡುವ ಆಟ ಉಳಿದೇ ಇದೆ. ಬೆರಳಿನಿಂದ ಪರದೆಯನ್ನು ಕೆಳಗೆ ಎಳೆದು ಬಿಟ್ಟರೆ ಹೊಸದೇನಾದರೂ ಬಂದಿರಬಹುದು, ಬಾರದೆಯೂ ಇರಬಹುದು. ಪ್ರತಿ ಸಲವೂ ಖಂಡಿತ ಬರುವಂತಿದ್ದರೆ ನಾವು ಇಷ್ಟು ಸಲ ಎಳೆಯುತ್ತಿರಲಿಲ್ಲ.

ಮೆದುಳಿನೊಳಗೆ ಏನಾಗುತ್ತದೆ ಎಂಬುದೂ ಈಗ ಸಾಕಷ್ಟು ತಿಳಿದಿದೆ. ವೋಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಸುರಿಸುವ ನರಕೋಶಗಳು ಯಾವ ಗಳಿಗೆಯಲ್ಲಿ ಮಿಡಿಯುತ್ತವೆ ಎಂದು ಅಳೆದರು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಅವು ಮಿಡಿಯುತ್ತಿದ್ದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಕೋತಿ ಕಲಿತಂತೆ ಮಿಡಿತ ದೀಪಕ್ಕೆ ಸರಿಯಿತು. ರಸ ಬಂದಾಗ ಏನೂ ವಿಶೇಷವಿಲ್ಲ. ಇನ್ನು ದೀಪ ಹೊತ್ತಿ ರಸ ಬಾರದೆ ಹೋದರೆ? ಬರಬೇಕಾಗಿದ್ದ ಸರಿಯಾದ ಆ ಕ್ಷಣದಲ್ಲಿ ನರಕೋಶಗಳು ಒಂದು ಗಳಿಗೆ ಮೌನವಾದವು. ನಾನು ಇದನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಬಾರದೆ ಹೋದದ್ದಕ್ಕೂ ಒಂದು ಹೊತ್ತಿದೆ, ಆ ಹೊತ್ತನ್ನು ಜೀವ ಗಡಿಯಾರವಿಲ್ಲದೆ ಬಲ್ಲದು. ಶುಲ್ಟ್ಸ್ ಅವರ ತಂಡ 2003ರಲ್ಲಿ ಇನ್ನೊಂದು ಕಂಡುಕೊಂಡಿತು. ಬರಬಹುದು, ಬಾರದಿರಬಹುದು, ಎರಡೂ ಸಮಸಮ ಎಂಬಾಗ, ದೀಪ ಹೊತ್ತಿದಲ್ಲಿಂದ ಫಲದ ಹೊತ್ತಿನವರೆಗೂ ಆ ಕೋಶಗಳ ಮಿಡಿತ ಏರುತ್ತಲೇ ಇರುತ್ತದೆ. ಖಂಡಿತ ಬರುತ್ತದೆ ಎಂಬಲ್ಲಿ ಆ ಏರಿಕೆ ಇಲ್ಲ, ಖಂಡಿತ ಇಲ್ಲ ಎಂಬಲ್ಲೂ ಇಲ್ಲ.

ಇಲ್ಲಿಯವರೆಗಿನ ಕತೆಯನ್ನು ಬಹಳ ಜನ ಹೇಳುತ್ತಾರೆ. ಹೇಳಿ, ಹಾಗಾದರೆ ಜನರಿಂದ ಹೆಚ್ಚು ಕೆಲಸ ತೆಗೆಯಬೇಕಾದರೆ ಗೊತ್ತಿಲ್ಲದ ಹೊತ್ತಿಗೆ ಕೊಡಿ ಎಂದು ಮುಗಿಸುತ್ತಾರೆ. ಆ ಕಡಿದಾದ ಗೆರೆಯನ್ನೇ ಎಲ್ಲರೂ ನೋಡಿದರು. ನನ್ನ ಕಣ್ಣು ಹೋಗುವುದು ಇನ್ನೊಂದು ಗೆರೆಯ ಮಟ್ಟಸವಾದ ತುಂಡಿನ ಮೇಲೆ, ಕಾಳು ತಿಂದ ಮೇಲೆ ಹಕ್ಕಿ ಸುಮ್ಮನಿದ್ದ ಆ ಅವಧಿಯ ಮೇಲೆ. ಲೆಕ್ಕದ ಪುಸ್ತಕದಲ್ಲಿ ಅದು ಕೆಲಸವಿಲ್ಲದ ಹೊತ್ತು. ಮುಂದಿನ ಕಾಳು ಯಾವಾಗ ಎಂದು ಗೊತ್ತಿರುವ ಹಕ್ಕಿಗೆ ಮಾತ್ರ ಅದು ದಕ್ಕುತ್ತದೆ. ಕುಕ್ಕದೆ ಇರಬಹುದಾದ, ರೆಕ್ಕೆ ಸವರಿಕೊಳ್ಳಬಹುದಾದ, ತನ್ನದೇ ಆದ ಹೊತ್ತು.

ಸ್ವತಃ ಸ್ಕಿನ್ನರ್ ತಮ್ಮ ಬದುಕನ್ನು ಹೇಗೆ ಕಟ್ಟಿಕೊಂಡಿದ್ದರು ಎಂಬುದು ಇಲ್ಲಿ ನೆನಪಾಗುತ್ತದೆ. ಪ್ರತಿದಿನ ಬೆಳಗ್ಗೆ ಅದೇ ಮೇಜು, ಅದೇ ಹೊತ್ತು. ಬರೆಯಲು ಕೂತ ಸಮಯವನ್ನು ಅಳೆಯಲು ಒಂದು ಗಡಿಯಾರ. ಎಷ್ಟು ಗಂಟೆ ಬರೆದೆ ಎಂಬುದಕ್ಕೆ ಹಕ್ಕಿಗಳಿಗೆ ಎಳೆದಂಥದ್ದೇ ಒಂದು ಗೆರೆ. ಬರೆಯುವವರು ದಿನವೂ ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿ ಕೂರಬೇಕೆಂದು ಬೇರೆಯವರಿಗೂ ಹೇಳುತ್ತಿದ್ದರು. ಅನಿಶ್ಚಿತದ ಬಲವನ್ನು ಅವರಷ್ಟು ಹತ್ತಿರದಿಂದ ಅಳೆದವರು ಇಲ್ಲ. ತಮಗಾಗಿ ಆರಿಸಿಕೊಂಡದ್ದು ಗೊತ್ತಾದ ಹೊತ್ತನ್ನು.

ಮಲೆನಾಡಿನ, ಕೊಡಗಿನ ಕಾಫಿ ತೋಟಗಳಲ್ಲಿ ವಾರಕ್ಕೊಮ್ಮೆ ಬಟವಾಡೆ. ಸಾಮಾನ್ಯವಾಗಿ ಸಂತೆಯ ದಿನ, ಇಲ್ಲವೆ ಅದರ ಹಿಂದಿನ ಸಂಜೆ. ರೈಟರ್ ಚೆಕ್‌ರೋಲು ಬಿಚ್ಚಿಕೊಂಡು ಹೆಸರು ಕೂಗುತ್ತಾನೆ. ಬಂದ ಹಾಜರಿ, ಕುಯ್ದ ಹಣ್ಣಿನ ತೂಕ, ಮುಂಗಡದಲ್ಲಿ ಕಳೆದದ್ದು, ಎಲ್ಲ ಓದಿ ಹೇಳಿ ದುಡ್ಡು ಎಣಿಸುತ್ತಾನೆ. ಈಗೀಗ ಕೆಲವು ಕಡೆ ಬ್ಯಾಂಕಿಗೇ ಹೋಗುತ್ತದೆ, ಆದರೂ ಹೆಸರು ಕೂಗುವುದು ಬಿಟ್ಟಿಲ್ಲ. ಬಟವಾಡೆಯ ಮರುದಿನ ಆಳುಗಳೇ ಬರುವುದಿಲ್ಲ ಎಂಬುದು ತೋಟದವರ ಹಳೆಯ ದೂರು. ಲೈನ್ ಮನೆಗಳ ಕಡೆ ಆ ದಿನ ಹೋಗಿ ನೋಡಿದವರಿಗೆ ಕಾಣುವುದು ಬೇರೆ. ಅಂಗಳದಲ್ಲಿ ಮಕ್ಕಳಿಗೆ ಎಣ್ಣೆ ನೀರು. ಒಗೆದ ಕಂಬಳಿ ಬೇಲಿಯ ಮೇಲೆ. ಒಬ್ಬಾಕೆ ಸಂತೆಯಿಂದ ತಂದ ಒಣಮೀನು ಹುರಿಯುತ್ತಿರುತ್ತಾಳೆ, ಇನ್ನೊಬ್ಬಳು ಮಗುವನ್ನು ಕಟ್ಟಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಟಿರುತ್ತಾಳೆ. ಹೆಂಡದಂಗಡಿಗೆ ಹೋದವರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ವಾರವೆಲ್ಲ ಬೇರೆಯವರ ಗಿಡದಡಿ ಬಾಗಿದ ಬೆನ್ನು ಒಂದು ದಿನ ತನ್ನ ಮನೆಯಲ್ಲಿ ನೆಟ್ಟಗಾಗುವುದನ್ನು ಸೋಮಾರಿತನ ಎನ್ನಲು ನನಗೆ ನಾಲಗೆ ಬಾರದು. ಶನಿವಾರ ಖಂಡಿತ ಎಂದು ಗೊತ್ತಿರುವವಳಿಗಷ್ಟೆ ಭಾನುವಾರ ಎಂಬುದೊಂದು ಇರುತ್ತದೆ.

ಹಾಸನದ ಕಡೆಯ ಹಳ್ಳಿಯೊಂದರ ಡೇರಿಯಲ್ಲಿ ಬೆಳಗಿನ ಹಾಲು ಹಾಕುವ ಹೊತ್ತು ಇನ್ನೊಂದು ಬಗೆ. ಸ್ಟೀಲ್ ಕ್ಯಾನು ಹಿಡಿದ ಹೆಂಗಸರು ಸಾಲಿನಲ್ಲಿ. ಸೆಕ್ರೆಟರಿ ಒಂದು ಸಣ್ಣ ಬಟ್ಟಲಲ್ಲಿ ಹಾಲು ತೆಗೆದು ಯಂತ್ರಕ್ಕಿಡುತ್ತಾನೆ. ಒಂದು ಚೀಟಿ ಹೊರಬರುತ್ತದೆ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದರೆ ಜಿಡ್ಡಲ್ಲದ ಘನಾಂಶ ಎಷ್ಟು, ಎಷ್ಟು ರೂಪಾಯಿ. ಒಬ್ಬಾಕೆ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಯಾಕಣ್ಣ, ಇವತ್ತು ಫ್ಯಾಟು ಕಮ್ಮಿ ಬಂದದೆ?” ಎಂದಳು. “ಕಡೇ ಹಾಲೆಲ್ಲ ಕರಾನೇ ಕುಡ್ಕಂಡಿರ್ಬೇಕು ಕಣಕ್ಕ” ಎಂದ ಅವನು. ಅವಳಿಗೆ ತಕ್ಷಣ ಅರ್ಥವಾಯಿತು. ಕೆಚ್ಚಲಲ್ಲಿ ಕೊನೆಗೆ ಇಳಿಯುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಬೆಳಗ್ಗೆ ಅವಸರದಲ್ಲಿ ಕರುವನ್ನು ಬೇಗ ಬಿಟ್ಟಿದ್ದಳು. ಸಂಜೆ ಹಾಲು ಕರೆಯುವಾಗ ಅವಳ ಕೈ ಬೇರೆ ರೀತಿ ಕೆಲಸ ಮಾಡಿರುತ್ತದೆ. ಆ ಚೀಟಿ ಹದಿನೈದು ದಿನ ಕಳೆದು ಬಂದಿದ್ದರೆ ಯಾವ ಬೆಳಗಿನ ಕರು, ಯಾವ ಹಾಲು ಎಂದು ಯಾರಿಗೆ ನೆನಪಿರುತ್ತಿತ್ತು? ದುಡ್ಡು ಬರುವುದು ಬಿಲ್ಲಿನ ದಿನ, ಆದರೆ ಹಾಲಿನ ಸುದ್ದಿ ಆಗಿಂದಾಗಲೇ ಸಿಕ್ಕಿತು. ಬಿಲ್ಲಿನ ದಿನವೂ ಅವಳ ಮನೆಯ ಪಂಚಾಂಗದಲ್ಲಿ ಗಟ್ಟಿಯಾಗಿ ಕೂತಿದೆ. ಸ್ತ್ರೀಶಕ್ತಿ ಸಂಘದ ಕಂತು ಅದರ ಮರುದಿನ, ಹಿಂಡಿ ಬೂಸದ ಬಾಕಿ ಅದರಲ್ಲೇ ವಜಾ, ಮಗಳ ಬಸ್ ಪಾಸು ಉಳಿದದ್ದರಲ್ಲಿ.

ಗುಜರಾತಿನ ಆನಂದ್‌ನಲ್ಲಿ 1946ರಲ್ಲಿ ಹುಟ್ಟಿದ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘ ಇದನ್ನು ಮೊದಲೇ ಅರಿತಿತ್ತು. ಬೆಳಗಿನ ಹಾಲಿನ ದುಡ್ಡು ಸಂಜೆಗೆ, ಸಂಜೆ ಹಾಲಿನದು ಮರುದಿನ ಬೆಳಗ್ಗೆ ಎಂಬುದು ಅಲ್ಲಿನ ಹಳ್ಳಿ ಸಂಘಗಳ ಪದ್ಧತಿಯಾಗಿತ್ತು. ಒಂದು ಎಮ್ಮೆ ಇಟ್ಟುಕೊಂಡ ಬಡ ಮನೆಗೆ ಹೆಚ್ಚು ದರ ಕೊಡುತ್ತೇನೆಂದು ಬಂದು ತಿಂಗಳು ಸತಾಯಿಸುವ ದಲ್ಲಾಳಿಗಿಂತ ಈ ಸಂಘ ಹತ್ತಿರವಾದದ್ದರಲ್ಲಿ ಈ ಪದ್ಧತಿಯ ಪಾಲು ದೊಡ್ಡದು ಎಂದೇ ನಾನು ನಂಬಿದ್ದೇನೆ.

ಕೂಲಿಯ ಹೊತ್ತಿನ ಬಗ್ಗೆ ಕಾಯಿದೆಯೂ ಮಾತಾಡಿದೆ. 1936ರ ವೇತನ ಪಾವತಿ ಕಾಯಿದೆ, ಸಾವಿರಕ್ಕಿಂತ ಕಡಿಮೆ ಜನ ದುಡಿಯುವಲ್ಲಿ ಏಳನೆಯ ದಿನದೊಳಗೆ, ಉಳಿದ ಕಡೆ ಹತ್ತನೆಯ ದಿನದೊಳಗೆ ಸಂಬಳ ಕೈಸೇರಬೇಕೆಂದು ಕಟ್ಟುಮಾಡಿತು. ಸಂಬಳ ತಡವಾಗಿ ಕಾರ್ಮಿಕರು ಕಷ್ಟಕ್ಕೆ ಬಿದ್ದದ್ದೂ ಇಂಥ ಕಾಯಿದೆ ಬೇಕೆನಿಸಲು ಒಂದು ಕಾರಣ. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲೂ ಹದಿನೈದು ದಿನದೊಳಗೆ ಕೂಲಿ ಎಂಬ ಮಾತಿತ್ತು. ತಡವಾದರೆ ದಿನಕ್ಕೆ ಶೇ. 0.05ರ ಪರಿಹಾರ ಎಂಬ ನಿಯಮವೂ ಸೇರಿತು. ಕಾಗದದ ಮೇಲೆ ಬರೆದದ್ದು ಕೆರೆಯ ಹೂಳೆತ್ತಿದವರ ಖಾತೆಗೆ ಎಷ್ಟೋ ಸಲ ತಿಂಗಳು ಮೀರಿ ಬಂತು. ಹಾಲಿಗೆ ಸರ್ಕಾರ ಲೀಟರಿಗೆ ಐದು ರೂಪಾಯಿಯಂತೆ ಕೊಡುವ ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಎಂಬ ಸುದ್ದಿಯನ್ನೂ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಐದು ರೂಪಾಯಿ ಕಡಿಮೆಯೇನಲ್ಲ. ಆದರೆ ಯಾವಾಗ ಬರುತ್ತದೆಂದು ಗೊತ್ತಿಲ್ಲದ ಐದು ರೂಪಾಯಿಯನ್ನು ನಂಬಿ ಯಾರೂ ಹಸುವಿಗೆ ಒಂದು ಚೀಲ ಹೆಚ್ಚು ಹಿಂಡಿ ತರುವುದಿಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸುವುದು, ಬಂದಿಲ್ಲವೆಂದು ತಿರುಗುವುದು, ಮತ್ತೆ ಹೋಗುವುದು, ಇದೊಂದು ದುಡಿಮೆ ಮಾತ್ರ ಹೆಚ್ಚುತ್ತದೆ.

ದುಡ್ಡಿನ ಮಾತು ಇಷ್ಟು ಸಾಕು. ನಮ್ಮ ಬೀದಿಯಲ್ಲಿ ಇಬ್ಬರು ತಾಯಂದಿರಿದ್ದಾರೆ. ಇಬ್ಬರ ಮಕ್ಕಳೂ ದೇಶದಾಚೆ. ಒಬ್ಬರ ಮಗ ಬಹಳ ಅಕ್ಕರೆಯವನು, ನೆನಪಾದಾಗಲೆಲ್ಲ ಫೋನ್ ಮಾಡುತ್ತಾನೆ. ಒಂದು ದಿನ ಬೆಳಗಿನ ಜಾವ, ಒಂದು ದಿನ ಮಧ್ಯಾಹ್ನ ಊಟದ ಹೊತ್ತು, ಕೆಲವು ವಾರ ಎರಡೆರಡು ದಿನಕ್ಕೊಮ್ಮೆ, ಕೆಲವು ಸಲ ಹನ್ನೆರಡು ದಿನವಾದರೂ ಇಲ್ಲ. ಇನ್ನೊಬ್ಬರ ಮಗಳು ಭಾನುವಾರ ಬೆಳಗ್ಗೆ ಎಂಟಕ್ಕೆ ಮಾಡುತ್ತಾಳೆ, ಅದೊಂದೇ. ಒಟ್ಟು ಎಣಿಸಿದರೆ ಮಗನ ಫೋನುಗಳೇ ಹೆಚ್ಚು. ಆದರೂ ಆ ಮೊದಲನೆಯ ತಾಯಿ ಸ್ನಾನಕ್ಕೆ ಹೋಗುವಾಗ ಫೋನನ್ನು ಬಚ್ಚಲ ಬಾಗಿಲಲ್ಲಿ ಸ್ಟೂಲಿನ ಮೇಲಿಟ್ಟು ಹೋಗುತ್ತಾರೆ. ಸಂಜೆ ದೇವಸ್ಥಾನಕ್ಕೆ ಕರೆದರೆ, “ಈಗಲೇ ಮಾಡಿಬಿಟ್ಟರೆ ಏನಮ್ಮ ಮಾಡಲಿ? ಅಲ್ಲಿ ಗಂಟೆ ಸದ್ದಿನಲ್ಲಿ ಕೇಳಿಸೋದೇ ಇಲ್ಲ” ಎನ್ನುತ್ತಾರೆ. ಎರಡನೆಯವರು ಸೋಮವಾರ ಭಜನೆಗೆ, ಬುಧವಾರ ತಂಗಿಯ ಮನೆಗೆ ಹೋಗಿ ಬರುತ್ತಾರೆ. ಫೋನನ್ನು ಮನೆಯಲ್ಲಿ ಮರೆತು ಬಂದದ್ದು ದಾರಿಯಲ್ಲಿ ನೆನಪಾದರೂ ಹಿಂತಿರುಗುವುದಿಲ್ಲ.

ಮಗ ತಪ್ಪಿತಸ್ಥನಲ್ಲ. ಅವನ ಪ್ರೀತಿಯಲ್ಲಿ ಕೊರತೆ ಹುಡುಕಿದರೆ ಅದು ಅನ್ಯಾಯ. ಆದರೆ ಅವನಿಗೆ ಗೊತ್ತಿಲ್ಲದೆಯೇ ಅವನು ತಾಯಿಯ ಏಳೂ ದಿನಗಳನ್ನು ತನ್ನ ಹತ್ತಿರ ಇಟ್ಟುಕೊಂಡುಬಿಟ್ಟಿದ್ದಾನೆ. ಮಗಳು ಒಂದು ಗಂಟೆ ಮಾತ್ರ ತೆಗೆದುಕೊಂಡು ಉಳಿದದ್ದನ್ನು ತಾಯಿಗೇ ಬಿಟ್ಟಿದ್ದಾಳೆ. ಹೀಗೆ ಕಾದವರ ತಳಮಳವನ್ನು ನೋಡಿ ನಾವು ಎಷ್ಟು ಪ್ರೀತಿ ನೋಡಿ ಎನ್ನುತ್ತೇವೆ. ಗಂಡ ಯಾವಾಗ ನಗುತ್ತಾನೆ ಯಾವಾಗ ಸಿಡುಕುತ್ತಾನೆ ಎಂದು ತಿಳಿಯದ ಹೆಂಡತಿ ಅವನ ಮುಖವನ್ನೇ ನೋಡುತ್ತ ಬದುಕುವುದನ್ನೂ, ಯಾವ ದಿನ ಹೊಗಳುತ್ತಾರೋ ಎಂದು ಮೇಲಧಿಕಾರಿಯ ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂರುವ ನೌಕರನನ್ನೂ ನಿಷ್ಠೆ ಎಂಬ ಹೆಸರಿಟ್ಟು ಕೊಂಡಾಡುತ್ತೇವೆ. ಆ ಕಡಿದಾದ ಗೆರೆ ಅಲ್ಲಿಯೂ ಏರುತ್ತಿರುತ್ತದೆ. ಅದನ್ನು ಎಳೆಯುವವರ ಮೇಲೆ ನನಗಿರುವುದು ಸಿಟ್ಟಿಗಿಂತ ಹೆಚ್ಚಾಗಿ ದುಃಖ. ಬಹುತೇಕರು ಬೇಕೆಂದು ಎಳೆಯುವುದಿಲ್ಲ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 1953ರಲ್ಲಿ ಸ್ಕಿನ್ನರ್ ತಮ್ಮ ಮಗಳ ತರಗತಿಯಲ್ಲಿ ಹಿಂದೆ ಕೂತು ಗಣಿತದ ಪಾಠ ನೋಡಿದರು. ಮಕ್ಕಳು ಲೆಕ್ಕ ಮಾಡುತ್ತಿದ್ದರು, ಆದರೆ ಮಾಡಿದ್ದು ಸರಿಯೇ ತಪ್ಪೇ ಎಂದು ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ. ಇದೇ ಕೊರಗಿನಿಂದ ಅವರು ಉತ್ತರ ಸರಿಯೆಂದು ಆ ಕ್ಷಣವೇ ತೋರಿಸುವ ಕಲಿಕೆಯ ಪೆಟ್ಟಿಗೆಯೊಂದನ್ನು ಮಾಡಿದರು. ನಮ್ಮ ಹಳೆಯ ಶಾಲೆಗಳಲ್ಲಿ ಸ್ಲೇಟು ಇತ್ತು. ಲೆಕ್ಕ ಬರೆದ ಹುಡುಗ ಸ್ಲೇಟನ್ನು ಎತ್ತಿ ತೋರಿಸುತ್ತಾನೆ. ಮೇಷ್ಟ್ರು ಸಾಲಿನ ನಡುವೆ ನಡೆಯುತ್ತಲೇ ಒಂದು ಸರಿ ಗುರುತು ಎಳೆದು ಮುಂದೆ ಹೋಗುತ್ತಾರೆ. ಅಳಿಸಿ ಇನ್ನೊಂದು. ಇದಕ್ಕೆ ಹೋಲಿಸಿದರೆ ಇವತ್ತು ಕಟ್ಟುಕಟ್ಟಾಗಿ ಒಯ್ದು ಎರಡು ವಾರ ಬಿಟ್ಟು ಮರಳಿ ಬರುವ ನೋಟ್‌ಬುಕ್ಕಿನ ಕೆಂಪು ಶಾಯಿ ಬಹಳ ಬಡವಾದದ್ದು.

ಕಾಯಲು ಕಲಿಯಬೇಕು ಎಂದೂ ಮಕ್ಕಳಿಗೆ ಹೇಳುತ್ತೇವೆ. ಒಂದು ಮಿಠಾಯಿ ಈಗಲೇ ತಿನ್ನುತ್ತೀಯೋ, ಕಾದರೆ ಎರಡು ಕೊಡಲೋ ಎಂದು ಕೇಳುವ ಪರೀಕ್ಷೆ ಜಗತ್ಪ್ರಸಿದ್ಧ. ಕಾದ ಮಗು ಸಂಯಮಿ, ತಿಂದದ್ದು ಚಪಲ ಎಂದು ಬಹಳ ಕಾಲ ತೀರ್ಪು ಕೊಟ್ಟರು. ಅಮೆರಿಕದ ರಾಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಒಂದು ಹೆಜ್ಜೆ ಹಿಂದೆ ಹೋಗಿ ನೋಡಿದರು. ಪರೀಕ್ಷೆಗೆ ಮೊದಲು ಮಕ್ಕಳಿಗೆ ಒಳ್ಳೆಯ ಬಣ್ಣದ ಕಡ್ಡಿ ತರುತ್ತೇನೆಂದು ಹೇಳಿ ಹೋದ ದೊಡ್ಡವರು ಕೆಲವರಿಗೆ ತಂದುಕೊಟ್ಟರು. ಕೆಲವರ ಬಳಿ ಬರಿಗೈಯಲ್ಲಿ ಬಂದು, ಕ್ಷಮಿಸು, ಇಲ್ಲವಂತೆ
ಎಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಸುಮಾರು 3 ನಿಮಿಷ. ಒಟ್ಟು 28 ಮಕ್ಕಳ ಚಿಕ್ಕ ಪ್ರಯೋಗ ಅದು, ಹೆಚ್ಚು ಭಾರ ಹೊರಿಸಬಾರದು. ಆದರೂ ಮಗುವಿಗೆ ಸಂಯಮವಿಲ್ಲ ಎಂದು ಬಯ್ಯುವ ಮೊದಲು, ನಾಳೆ ಕೊಡಿಸುತ್ತೇನೆ ಎಂದ ನಮ್ಮ ನಾಳೆಗಳಲ್ಲಿ ಎಷ್ಟು ಬಂದವು ಎಂದು ಕೇಳಿಕೊಳ್ಳಲು ಇದು ಸಾಕು.

ಒಕ್ಕಲುತನದ ಫಲವಂತೂ ಪೂರಾ ಅನಿಶ್ಚಿತ. ಮಳೆ ಕೈಕೊಡುತ್ತದೆ, ಬೆಳೆ ಬಂದರೆ ಬೆಲೆ ಇಲ್ಲ. ಅಡಿಕೆ ಸಸಿ ನೆಟ್ಟವನು ಮೊದಲ ಗೊನೆಗೆ ಐದಾರು ವರ್ಷವಾದರೂ ಕಾಯಬೇಕು. ಇಂಥ ಬದುಕಿನಲ್ಲಿ ಜನ ಹೇಗೆ ಬಾಳಿದರು ಎಂದು ಯೋಚಿಸಿದಾಗ ನನಗೆ ಪಂಚಾಂಗ ಬೇರೆಯಾಗಿ ಕಾಣುತ್ತದೆ. ಉತ್ತರ ಕರ್ನಾಟಕದಲ್ಲಿ ಸೀಗೆ ಹುಣ್ಣಿಮೆಯ ದಿನ, ಪೈರು ಇನ್ನೂ ಹಸುರಾಗಿರುವಾಗಲೇ, ಅದನ್ನು ಬಸುರಿ ಎಂದು ಕರೆದು ಹೊಲಕ್ಕೆ ಬುತ್ತಿ ಹೊತ್ತು ಹೋಗುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಕಡುಬು. ಮೊದಲು ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ, ಆಮೇಲೆ ಬನ್ನಿ ಗಿಡದ ನೆರಳಿನಲ್ಲಿ ಎಲ್ಲರೂ ಕೂತು ಊಟ. ಹಿಂಗಾರಿಯ ಜೋಳ ನಿಂತಾಗ ಎಳ್ಳಮಾವಾಸ್ಯೆಯಲ್ಲಿ ಮತ್ತೊಮ್ಮೆ. ರಾಶಿ ಮನೆಗೆ ಬರಲು ಇನ್ನೂ ದಿನಗಳಿವೆ, ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಹುಣ್ಣಿಮೆ ಮಾತ್ರ ಆ ತಿಥಿಗೇ ಬರುತ್ತದೆ, ಚೆನ್ನಾಗಿ ಉತ್ತವನ ಹೊಲಕ್ಕೂ, ಉಳಲಾಗದೆ ಬಿಟ್ಟವನ ಹೊಲಕ್ಕೂ. ದೊಡ್ಡ ಅನಿಶ್ಚಿತದ ಉದ್ದಕ್ಕೂ ಸಣ್ಣ ನಿಶ್ಚಿತಗಳನ್ನು ನೆಟ್ಟುಕೊಂಡು ಹೋದ ಆ ಹಿರಿಯರ ವಿವೇಕಕ್ಕೆ ನಾನು ಕೈಮುಗಿಯುತ್ತೇನೆ.

ಹಾಗೆಂದು ನೆನೆಸದೆ ಬರುವ ಸಂತೋಷಗಳೆಲ್ಲ ಕೆಟ್ಟವು ಎಂದು ನನ್ನ ಮಾತಲ್ಲ. 1973ರಲ್ಲಿ ಪ್ರಕಟವಾದ, ಶಿಶುವಿಹಾರದ ಮಕ್ಕಳ ಮೇಲಿನ ಅಧ್ಯಯನ ಒಂದಿದೆ. ಮಾರ್ಕ್ ಲೆಪ್ಪರ್ ಮತ್ತಿಬ್ಬರು ನಡೆಸಿದ್ದು. ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಕೆಲವು ದಿನಗಳ ಮೇಲೆ ಬಣ್ಣದ ಪೆನ್ನುಗಳ ಕಡೆ ಹೋಗುವುದೇ ಕಡಿಮೆಯಾಯಿತು. ಹೇಳದೆ, ಬರೆದು ಮುಗಿದ ಮೇಲೆ ಅದೇ ಪತ್ರ ಪಡೆದ ಮಕ್ಕಳ ಆಸೆ ಕುಂದಲಿಲ್ಲ. ಅವರು ಚಿತ್ರ ಬರೆದದ್ದು ಚಿತ್ರಕ್ಕಾಗಿಯೇ. ರಿಬ್ಬನ್ನು ಆಮೇಲೆ ತಾನಾಗಿ ಬಂತು. ಊಟ, ಆಟ, ಇವೆಲ್ಲ ದಿನವೂ ತಪ್ಪದೆ ಸಿಗುತ್ತಿದ್ದ ಮಕ್ಕಳು ಅವರು ಎಂಬುದನ್ನೂ ಇಲ್ಲಿ ಸೇರಿಸಿ ನೋಡಬೇಕು.

ವರ್ಷಕ್ಕೊಮ್ಮೆ ಸಂಘದ ಲಾಭದಲ್ಲಿ ಬೋನಸ್ ಹಂಚುವ ಡೇರಿಗಳಿವೆ. ಯಾವ ವರ್ಷ ಎಷ್ಟು ಎಂದು ಹೇಳಲಾಗದು. ವಾರವಾರದ ಬಿಲ್ಲು ತಪ್ಪದೆ ಬಂದ ಊರಿನಲ್ಲಿ ಆ ದುಡ್ಡು ಮಗಳ ಕಿವಿಗೆ ಓಲೆಯಾಗುತ್ತದೆ, ಅಡುಗೆಮನೆಗೆ ಮಿಕ್ಸಿಯಾಗುತ್ತದೆ, ಧರ್ಮಸ್ಥಳಕ್ಕೆ ಹೋಗಿ ಬರುವ ಬಸ್ ಟಿಕೆಟ್ ಆಗುತ್ತದೆ. ಬಿಲ್ಲೇ ಹಿಂದೆ ಬಿದ್ದ ಊರಿನಲ್ಲಿ ಅಷ್ಟೇ ದುಡ್ಡು ಕಿರಾಣಿ ಅಂಗಡಿಯ ಖಾತೆಗೆ, ಹಿಂಡಿಯ ಬಾಕಿಗೆ ಜಮೆಯಾಗುತ್ತದೆ. ಬಂದದ್ದು ಬೋನಸ್ಸು ಎಂದು ಮನೆಯಲ್ಲಿ ಯಾರಿಗೂ ಅನ್ನಿಸುವುದೇ ಇಲ್ಲ.